ವಾಟ್ಸಾಪ್ ಪಟ್ಟಿಯಲ್ಲಿ ಎಷ್ಟು ನಿಜ? ಹಳೆಯ ಅಮೆರಿಕದ ಕಪ್ಪು ವಿಜ್ಞಾನಿಗಳ ಬಗ್ಗೆ

ಪ್ರಶ್ನೆ: ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುತ್ತೇನೆ. ಅಮೆರಿಕದ ಕಪ್ಪು ಜನಾಂಗದ ವಿಜ್ಞಾನಿಗಳ ಬಗ್ಗೆ ವಾಟ್ಸಾಪ್‌ನಲ್ಲಿ ಒಂದು ಪಟ್ಟಿ ಬಂದಿದೆ. ವಾಷಿಂಗ್ಟನ್ ನಗರದ ನಕ್ಷೆಯನ್ನು ಬೆಂಜಮಿನ್ ಬ್ಯಾನೆಕರ್ ನೆನಪಿನಿಂದಲೇ ಬರೆದುಕೊಟ್ಟರಂತೆ. ಅಮೆರಿಕದ ಮೊದಲ ಗಡಿಯಾರವೂ ಅವರದೇ ಅಂತೆ. ಬಲ್ಬು ಕಂಡುಹಿಡಿದದ್ದು ಎಡಿಸನ್ ಅಲ್ಲ, ಲ್ಯಾಟಿಮರ್ ಅಂತೆ. ಇದರಲ್ಲಿ ಎಷ್ಟು ನಿಜ? ನಿಜವಾಗಿದ್ದರೆ ಪಠ್ಯದಲ್ಲಿ ಯಾಕಿಲ್ಲ? ಗುಲಾಮಗಿರಿ ಇದ್ದ ಕಾಲದವರ ಬಗ್ಗೆ ಮಕ್ಕಳಿಗೆ ಏನು ಹೇಳಲಿ?

ಉತ್ತರ: ಮೇಷ್ಟ್ರೇ, ನೀವು ಬರೆದಿರುವ ಹೆಸರುಗಳು ನಿಜ. ಹೆಸರಿನ ಮುಂದೆ ಇರುವ ಸಾಧನೆಗಳು ಸುಳ್ಳು, ಇಲ್ಲವೇ ಉಬ್ಬಿಸಿದ್ದು. ನನಗೆ ಬೇಜಾರಾಗುವುದು ಅದಕ್ಕೇ. ಇವರು ನಿಜವಾಗಿ ಮಾಡಿದ ಕೆಲಸವೇ ಬೇಕಾದಷ್ಟಿದೆ. ಅದಕ್ಕೆ ಸುಳ್ಳಿನ ಒಗ್ಗರಣೆ ಬೇಕಿರಲಿಲ್ಲ. ನಾಳೆ ಒಬ್ಬ ಹುಡುಗ ಮೊಬೈಲಿನಲ್ಲಿ ಹುಡುಕಿ "ಸಾರ್, ಇದು ಸುಳ್ಳಂತೆ" ಅಂದರೆ, ನಿಜ ಇದ್ದದ್ದರ ಮೇಲೂ ನಂಬಿಕೆ ಹೋಗುತ್ತದೆ ಅಲ್ವಾ?

ಲ್ಯಾಟಿಮರ್ ವಿಷಯ ಬೇಗ ಮುಗಿಸೋಣ. ಅವರು ಹುಟ್ಟಿದ್ದು 1848ರಲ್ಲಿ. ಅಪ್ಪ ಅಮ್ಮ ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದವರು. ಬಲ್ಬಿನೊಳಗಿನ ಇಂಗಾಲದ ಎಳೆಯನ್ನು ತಯಾರಿಸುವ ಒಳ್ಳೆಯ ವಿಧಾನಕ್ಕೆ 1882ರಲ್ಲಿ ಲ್ಯಾಟಿಮರ್ ಪೇಟೆಂಟ್ ಪಡೆದರು. ಬಲ್ಬನ್ನೇ ಕಂಡುಹಿಡಿಯಲಿಲ್ಲ. ಹಾಗೆ ನೋಡಿದರೆ ಬಲ್ಬನ್ನು ಎಡಿಸನ್ ಕೂಡ ಒಬ್ಬರೇ ಕಂಡುಹಿಡಿದದ್ದಲ್ಲ. ಅದು ಬೇರೆ ಕತೆ. ಲ್ಯಾಟಿಮರ್ ಕೆಲಸ ಮಾಡುವ ಹೊತ್ತಿಗೆ ಗುಲಾಮಗಿರಿ ಮುಗಿದಿತ್ತು. ನೀವು ಕೇಳಿರುವುದು ಅದಕ್ಕೂ ಮುಂಚಿನವರನ್ನು.

ಬ್ಯಾನೆಕರ್‌ರಿಂದ ಶುರು ಮಾಡುತ್ತೇನೆ. ಅವರು ಹುಟ್ಟಿದ್ದು 1731ರಲ್ಲಿ, ಮೇರಿಲ್ಯಾಂಡ್‌ನ ಬಾಲ್ಟಿಮೋರ್ ಹತ್ತಿರ. ಅಪ್ಪ ಗುಲಾಮಗಿರಿಯಿಂದ ಬಿಡುಗಡೆ ಪಡೆದವರು. ಅಮ್ಮ ಸ್ವತಂತ್ರ ಹೆಂಗಸು. ಹಾಗಾಗಿ ಮಗ ಹುಟ್ಟಿನಿಂದಲೇ ಸ್ವತಂತ್ರ. ಅಪ್ಪ ನೂರು ಎಕರೆ ಜಮೀನು ಕೊಂಡಾಗ ಬುದ್ಧಿವಂತಿಕೆಯ ಒಂದು ಕೆಲಸ ಮಾಡಿದರು. ಕ್ರಯಪತ್ರದಲ್ಲಿ ತಮ್ಮ ಹೆಸರಿನ ಜೊತೆಗೆ ಇನ್ನೂ ಪುಟ್ಟವನಿದ್ದ ಮಗನ ಹೆಸರನ್ನೂ ಬರೆಸಿದರು. ಕಾಗದದಲ್ಲಿ ಹೆಸರಿರಬೇಕು ಅನ್ನುವುದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಈ ಕಾಗದದ ವಿಷಯ ನೆನಪಿಟ್ಟುಕೊಳ್ಳಿ. ನನ್ನ ಉತ್ತರ ಪೂರ್ತಿ ಅದರ ಸುತ್ತಲೇ ತಿರುಗುತ್ತದೆ.

ಬ್ಯಾನೆಕರ್ ಹೊಗೆಸೊಪ್ಪು ಬೆಳೆಯುತ್ತಿದ್ದ ರೈತ. ಸುಮಾರು 22ನೇ ವಯಸ್ಸಿನಲ್ಲಿ ಯಾರಿಂದಲೋ ಒಂದು ಜೇಬುಗಡಿಯಾರ ಎರವಲು ತಂದರು. ಅದನ್ನು ಬಿಚ್ಚಿದರು. ಒಳಗಿನ ಹಲ್ಲಿನ ಚಕ್ರಗಳ ಚಿತ್ರ ಬರೆದುಕೊಂಡರು. ಆಮೇಲೆ ಅದೇ ಲೆಕ್ಕದಲ್ಲಿ ದೊಡ್ಡ ಚಕ್ರಗಳನ್ನು ಮರದಲ್ಲಿ ಕೆತ್ತಿದರು. ಕೇಳಲು ಸುಲಭ. ಮಾಡಿ ನೋಡಿದರೆ ಗೊತ್ತಾಗುತ್ತದೆ. ನಿಮಿಷದ ಮುಳ್ಳು 12 ಸುತ್ತು ಸುತ್ತಿದಾಗ ಗಂಟೆಯ ಮುಳ್ಳು ಒಂದೇ ಸುತ್ತು ಹೋಗಬೇಕು. ಚಕ್ರದಲ್ಲಿ ಒಂದು ಹಲ್ಲು ಹೆಚ್ಚುಕಡಿಮೆ ಆದರೂ ಲೆಕ್ಕ ಕೆಟ್ಟಿತು. ಮರವೋ ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ. ಅಂಥ ಗಡಿಯಾರ ಗಂಟೆಗೊಮ್ಮೆ ಬಾರಿಸುತ್ತಾ ಹತ್ತಾರು ವರ್ಷ ನಡೆಯಿತು. ಅಮೆರಿಕದ ಮೊದಲ ಗಡಿಯಾರ ಅದಲ್ಲ. ಬಾಸ್ಟನ್, ಫಿಲಡೆಲ್ಫಿಯಾದಲ್ಲಿ ಗಡಿಯಾರ ಮಾಡುವ ಕುಶಲಕರ್ಮಿಗಳು ಮೊದಲೇ ಇದ್ದರು. ಆದರೆ ಅವರೆಲ್ಲ ಗುರುಗಳ ಕೈಕೆಳಗೆ ವರ್ಷಗಟ್ಟಲೆ ಕಲಿತವರು. ಈ ರೈತನ ಮುಂದೆ ಇದ್ದದ್ದು ಎರವಲು ಗಡಿಯಾರ ಒಂದೇ.

ಖಗೋಳಶಾಸ್ತ್ರ ಅವರ ಕೈಗೆ ಬಂದದ್ದು ಐವತ್ತು ದಾಟಿದ ಮೇಲೆ. ಪಕ್ಕದಲ್ಲಿ ಹಿಟ್ಟಿನ ಗಿರಣಿ ಹಾಕಿದ್ದ ಎಲಿಕಟ್ ಕುಟುಂಬದ ಜಾರ್ಜ್ ಎಲಿಕಟ್ ಕೆಲವು ಪುಸ್ತಕ, ಒಂದು ದೂರದರ್ಶಕ, ಒಂದು ಮೇಜು ಕೊಟ್ಟು ಹೋದರು. ಪಾಠ ಹೇಳಿಕೊಡುತ್ತೇನೆ ಅಂದಿದ್ದರು, ಅದಕ್ಕೆ ಬಿಡುವೇ ಆಗಲಿಲ್ಲ. ಅವರು ಬರುವಷ್ಟರಲ್ಲಿ ಬ್ಯಾನೆಕರ್ ತಾವೇ ಓದಿಕೊಂಡು 1789ರ ಸೂರ್ಯಗ್ರಹಣದ ಲೆಕ್ಕ ಹಾಕಿ ಕಳಿಸಿದ್ದರು.

ಮುಂದೆ 1792ರಿಂದ 1797ರವರೆಗಿನ ಆರು ವರ್ಷಕ್ಕೆ ಅವರ ಲೆಕ್ಕದ ಪಂಚಾಂಗ ಅಚ್ಚಾಯಿತು. ಪಂಚಾಂಗ ಅಂದರೆ ತಿಥಿ ನಕ್ಷತ್ರದ ನಮ್ಮ ಪಂಚಾಂಗ ಅಲ್ಲ. ಆದರೆ ಉಪಯೋಗ ಹೆಚ್ಚುಕಡಿಮೆ ಅದೇ. ಸೂರ್ಯ ಹುಟ್ಟುವ ಮುಳುಗುವ ಹೊತ್ತು, ಗ್ರಹಣ, ಗ್ರಹಗಳ ಸ್ಥಾನ, ಚೆಸಪೀಕ್ ಕೊಲ್ಲಿಯಲ್ಲಿ ಭರತ ಬರುವ ಹೊತ್ತು. ಆ ಕಾಲದ ಅಮೆರಿಕದ ಮನೆಯಲ್ಲಿ ಬೈಬಲ್ ಬಿಟ್ಟರೆ ಸಾಮಾನ್ಯವಾಗಿ ಇರುತ್ತಿದ್ದ ಪುಸ್ತಕ ಇದೇ. ಒಂದೊಂದು ಗ್ರಹಣದ ಲೆಕ್ಕಕ್ಕೂ ಪುಟಗಟ್ಟಲೆ ಗುಣಾಕಾರ ಭಾಗಾಕಾರ. ಎಲ್ಲ ಕೈಯಲ್ಲೇ.

ನನಗೆ ತುಂಬಾ ಇಷ್ಟವಾದದ್ದು ಅವರ ದಿನಚರಿಯ ಒಂದು ಟಿಪ್ಪಣಿ. ಅಲ್ಲಿ ಒಂದು ಜಾತಿಯ ಜೀರುಂಡೆಗಳು 17 ವರ್ಷಕ್ಕೊಮ್ಮೆ ಮಾತ್ರ ನೆಲದಿಂದ ಏಳುತ್ತವೆ. ಬಂದರೆ ಲಕ್ಷಾಂತರ. ಹದಿನೇಳನೇ ವಯಸ್ಸಿನಲ್ಲಿ, ಅಂದರೆ 1749ರಲ್ಲಿ, ಬ್ಯಾನೆಕರ್ ಅವುಗಳನ್ನು ಮೊದಲು ನೋಡಿದರು. ಬೆಳೆ ತಿಂದುಹಾಕುತ್ತವೆ ಅಂತ ಹೆದರಿ ಕೊಲ್ಲಲು ಹೋದರು. ಸುಮ್ನೆ ಶ್ರಮ ಅಂತ ಬಿಟ್ಟರು. ಮತ್ತೆ 1766ರಲ್ಲಿ ಬಂದವು. 1783ರಲ್ಲಿ ಬಂದವು. ಇನ್ನು 1800ರಲ್ಲಿ ಬರುತ್ತವೆ ಅಂತ ಬರೆದಿಟ್ಟರು. ಜೀವನದಲ್ಲಿ ಒಬ್ಬ ಮನುಷ್ಯ ನಾಲ್ಕು ಸಲ ನೋಡಬಹುದಾದ ಘಟನೆ ಅದು. ವಿಜ್ಞಾನದ ಪಾಠಕ್ಕೆ ಇದಕ್ಕಿಂತ ಚೆಂದದ ಉದಾಹರಣೆ ನನಗೆ ಗೊತ್ತಿಲ್ಲ.

ಈಗ ವಾಷಿಂಗ್ಟನ್ ನಕ್ಷೆ. 1791ರಲ್ಲಿ ಹೊಸ ರಾಜಧಾನಿಗೆ ಹತ್ತು ಮೈಲಿ ಉದ್ದ, ಹತ್ತು ಮೈಲಿ ಅಗಲದ ಜಾಗ ಗುರುತಿಸಬೇಕಿತ್ತು. ಸರ್ವೆ ಮುಖ್ಯಸ್ಥ ಆಂಡ್ರ್ಯೂ ಎಲಿಕಟ್, ಜಾರ್ಜ್ ಅವರ ಸಂಬಂಧಿ. ಅವರು ಬ್ಯಾನೆಕರ್‌ರನ್ನು ಸಹಾಯಕ್ಕೆ ಕರೆದುಕೊಂಡರು. ಆಗ ಬ್ಯಾನೆಕರ್‌ಗೆ 59 ವರ್ಷ. ಚಳಿಯಲ್ಲಿ ಡೇರೆಯೊಳಗೆ ರಾತ್ರಿಯೆಲ್ಲ ನಕ್ಷತ್ರ ನೋಡುವುದು, ಸಮಯ ತೋರಿಸುವ ಸೂಕ್ಷ್ಮ ಗಡಿಯಾರ ಹದ ತಪ್ಪದಂತೆ ಕಾಯುವುದು ಅವರ ಕೆಲಸ. ನಕ್ಷತ್ರದ ಲೆಕ್ಕ ತಪ್ಪಿದರೆ ಗಡಿಕಲ್ಲು ತಪ್ಪು ಜಾಗದಲ್ಲಿ ಕೂರುತ್ತದೆ. ಏಪ್ರಿಲ್ ಹೊತ್ತಿಗೆ ಅವರು ಊರಿಗೆ ವಾಪಸ್ಸಾದರು. ನಗರದ ಬೀದಿಗಳ ನಕ್ಷೆ ಮಾಡಿದವರು ಪಿಯರ್ ಲಾಂಫಾಂ. ಅವರನ್ನು ಕೆಲಸದಿಂದ ತೆಗೆದದ್ದು 1792ರಲ್ಲಿ. ನಕ್ಷೆಯನ್ನು ತಿದ್ದಿ ಮುಗಿಸಿದವರು ಆಂಡ್ರ್ಯೂ ಎಲಿಕಟ್. ಅಷ್ಟು ಹೊತ್ತಿಗೆ ಬ್ಯಾನೆಕರ್ ಮನೆಯಲ್ಲಿ ಪಂಚಾಂಗ ಬರೆಯುತ್ತಿದ್ದರು. ನೆನಪಿನಿಂದ ನಕ್ಷೆ ಬರೆದ ಕತೆ ತಾರೀಖಿನ ಮುಂದೆ ನಿಲ್ಲುವುದಿಲ್ಲ.

ನಿಲ್ಲುವಂಥದ್ದು 1791ರ ಆಗಸ್ಟ್ 19ರಂದು ಬ್ಯಾನೆಕರ್ ಬರೆದ ಪತ್ರ. ಬರೆದದ್ದು ಥಾಮಸ್ ಜೆಫರ್ಸನ್‌ಗೆ. ಎಲ್ಲ ಮನುಷ್ಯರೂ ಸಮಾನರು ಅನ್ನುವ ಸ್ವಾತಂತ್ರ್ಯ ಘೋಷಣೆಯನ್ನು ಬರೆದವರು ಜೆಫರ್ಸನ್. ನೂರಾರು ಗುಲಾಮರನ್ನು ಇಟ್ಟುಕೊಂಡಿದ್ದವರೂ ಅವರೇ. ಕಪ್ಪು ಜನರಿಗೆ ಯೂಕ್ಲಿಡ್‌ನ ರೇಖಾಗಣಿತ ಅರ್ಥವಾಗುವುದು ಕಷ್ಟ ಅಂತ ತಮ್ಮ ಪುಸ್ತಕವೊಂದರಲ್ಲಿ ಬರೆದಿದ್ದರು. ಬ್ಯಾನೆಕರ್ ತಮ್ಮ ಪಂಚಾಂಗದ ಕೈಬರಹದ ಪ್ರತಿಯ ಜೊತೆ ಪತ್ರ ಕಳಿಸಿದರು. ಘೋಷಣೆಯ ಸಾಲುಗಳನ್ನೇ ಅವರಿಗೆ ತಿರುಗಿಸಿ ಕೇಳಿದರು. ಬ್ರಿಟಿಷರ ದಬ್ಬಾಳಿಕೆ ತಪ್ಪು ಅಂದ ನೀವೇ ನಮ್ಮವರನ್ನು ಕಟ್ಟಿಹಾಕಿದ್ದೀರಲ್ಲ ಅನ್ನುವುದು ಅದರ ಸಾರ. ಮಾತು ವಿನಯದ್ದು, ಪೆಟ್ಟು ಜೋರಾದದ್ದು. ಜೆಫರ್ಸನ್ ಹನ್ನೊಂದೇ ದಿನದಲ್ಲಿ ಉತ್ತರ ಬರೆದರು. ಪಂಚಾಂಗವನ್ನು ಪ್ಯಾರಿಸ್ಸಿನ ವಿಜ್ಞಾನ ಅಕಾಡೆಮಿಯ ಕಾಂಡೊರ್ಸೆಗೆ ಕಳಿಸುತ್ತೇನೆ ಅಂದರು. ಆದರೆ 1809ರಲ್ಲಿ, ಬ್ಯಾನೆಕರ್ ತೀರಿಹೋದ ಮೇಲೆ, ಸ್ನೇಹಿತರೊಬ್ಬರಿಗೆ ಬರೆದ ಪತ್ರದಲ್ಲಿ ರಾಗ ಬದಲಾಯಿತು. ಎಲಿಕಟ್ ಸಹಾಯ ಮಾಡಿರಬಹುದು, ಪತ್ರ ನೋಡಿದರೆ ಸಾಧಾರಣ ಬುದ್ಧಿಯವನು ಅಂತ ಬರೆದರು. ಎದುರಿಗೊಂದು, ಬೆನ್ನ ಹಿಂದೊಂದು.

ಬ್ಯಾನೆಕರ್ 1806ರ ಅಕ್ಟೋಬರ್‌ನಲ್ಲಿ ತೀರಿಕೊಂಡರು. ಮಣ್ಣು ಮಾಡುತ್ತಿದ್ದ ದಿನವೇ ಅವರ ಮನೆಗೆ ಬೆಂಕಿ ಬಿತ್ತು. ಮರದ ಗಡಿಯಾರ ಬೂದಿಯಾಯಿತು. ಅದಕ್ಕೆ ಮೊದಲು ಅವರು ಹೇಳಿದ್ದ ಪ್ರಕಾರ ಎರವಲು ತಂದ ಪುಸ್ತಕಗಳನ್ನೂ ಕೆಲವು ಕಾಗದಗಳನ್ನೂ ಎಲಿಕಟ್ ಮನೆಗೆ ತಲುಪಿಸಿದ್ದರು. ದಿನಚರಿ ಉಳಿದದ್ದು ಹಾಗೆ. ಜೀರುಂಡೆಯ ಕತೆ ನನಗೂ ನಿಮಗೂ ಸಿಕ್ಕಿದ್ದು ಹಾಗೆ. ಇವರೊಬ್ಬರ ಹೆಸರು ಇಷ್ಟು ಚೆನ್ನಾಗಿ ಗೊತ್ತಿರಲು ಕಾರಣ ಏನು? ಸ್ವತಂತ್ರರಾಗಿದ್ದರು, ಬರೆಯಲು ಬರುತ್ತಿತ್ತು, ಬರೆದದ್ದನ್ನು ಇಟ್ಟುಕೊಳ್ಳುವ ಪಕ್ಕದ ಮನೆಯಿತ್ತು. ಮೂರರಲ್ಲಿ ಒಂದು ಇಲ್ಲದಿದ್ದರೂ ಕತೆ ಮುಗಿಯುತ್ತಿತ್ತು.

ಸ್ವಾತಂತ್ರ್ಯವೇ ಇಲ್ಲದ ಒಬ್ಬರನ್ನು ನೋಡಿ. ಬಾಸ್ಟನ್‌ನಲ್ಲಿ ಕಾಟನ್ ಮ್ಯಾದರ್ ಅನ್ನುವ ಪಾದ್ರಿ ಇದ್ದರು. 1706ರಲ್ಲಿ ಅವರ ಚರ್ಚಿನ ಜನ ಸೇರಿ ಅವರಿಗೊಬ್ಬ ಆಫ್ರಿಕನ್ ಗುಲಾಮನನ್ನು ಉಡುಗೊರೆ ಕೊಟ್ಟರು. ಹೌದು, ಉಡುಗೊರೆ. ಮ್ಯಾದರ್ ಅವರಿಗೆ ಒನೆಸಿಮಸ್ ಅಂತ ಹೆಸರಿಟ್ಟರು. ಅದು ಬೈಬಲಿನಲ್ಲಿ ಬರುವ ಒಬ್ಬ ಗುಲಾಮನ ಹೆಸರು.

ಒಂದು ದಿನ ಮ್ಯಾದರ್ ಕೇಳಿದರು, ನಿನಗೆ ಸಿಡುಬು ಬಂದಿತ್ತಾ ಅಂತ. ಒನೆಸಿಮಸ್ ಕೊಟ್ಟ ಉತ್ತರ: ಬಂದಿತ್ತು, ಬಂದಿರಲೂ ಇಲ್ಲ. ಆಮೇಲೆ ತೋಳಿನ ಗಾಯದ ಗುರುತು ತೋರಿಸಿ ವಿವರಿಸಿದರು. ನಮ್ಮ ಕಡೆ ಸಿಡುಬಿನ ಗುಳ್ಳೆಯ ಕೀವನ್ನು ಆರೋಗ್ಯವಂತರ ಚರ್ಮ ಗೀರಿ ಹಚ್ಚುತ್ತಾರೆ. ಸ್ವಲ್ಪ ಜ್ವರ ಬರುತ್ತದೆ. ಆಮೇಲೆ ಸಿಡುಬಿನ ಭಯ ಇಲ್ಲ. ಟರ್ಕಿಯಲ್ಲೂ ನಮ್ಮ ಬಂಗಾಳದಲ್ಲೂ ಇಂಥ ಪದ್ಧತಿ ಇತ್ತು. ಟರ್ಕಿಯ ವರದಿಯನ್ನು ಲಂಡನ್ನಿನ ರಾಯಲ್ ಸೊಸೈಟಿ ಪ್ರಕಟಿಸಿದಾಗ ಮ್ಯಾದರ್ 1716ರಲ್ಲಿ ಅವರಿಗೆ ಪತ್ರ ಬರೆದರು. ಇದನ್ನು ನನ್ನ ಆಫ್ರಿಕನ್ ಸೇವಕನ ಬಾಯಲ್ಲಿ ಮೊದಲೇ ಕೇಳಿದ್ದೆ ಅಂದರು. ಒನೆಸಿಮಸ್ ಹೇಳಿದ್ದು ಇವತ್ತು ನಮಗೆ ಗೊತ್ತಿರುವುದು ಮ್ಯಾದರ್ ಹೀಗೆ ಬರೆದಿಟ್ಟಿದ್ದರಿಂದ.

1721ರಲ್ಲಿ ಹಡಗೊಂದು ಬಾಸ್ಟನ್‌ಗೆ ಸಿಡುಬು ತಂದಿತು. ಊರಿನ ಜನಸಂಖ್ಯೆ ಸುಮಾರು 11 ಸಾವಿರ. ಮ್ಯಾದರ್ ಎಲ್ಲ ವೈದ್ಯರಿಗೂ ಪತ್ರ ಬರೆದರು. ಒಪ್ಪಿದವರು ಒಬ್ಬರೇ, ಝಬ್ಡಿಯಲ್ ಬಾಯ್ಲ್‌ಸ್ಟನ್. ಅವರು ಮೊದಲು ಚುಚ್ಚಿದ್ದು ತಮ್ಮ ಆರು ವರ್ಷದ ಮಗನಿಗೆ, ಜೊತೆಗೆ ಮನೆಯಲ್ಲಿ ಗುಲಾಮರಾಗಿದ್ದ ಒಬ್ಬ ಗಂಡಸು ಮತ್ತು ಪುಟ್ಟ ಹುಡುಗನಿಗೆ. ಮಗನದ್ದು ಅಪ್ಪನ ತೀರ್ಮಾನ ಅನ್ನೋಣ. ಉಳಿದಿಬ್ಬರನ್ನು ಕೇಳಿದವರಿರಲಿಲ್ಲ. ಇದನ್ನೂ ಮಕ್ಕಳಿಗೆ ಹೇಳಬೇಕು.

ಊರು ರೊಚ್ಚಿಗೆದ್ದಿತು. ಊರಿನಲ್ಲಿ ವೈದ್ಯಕೀಯ ಪದವಿ ಇದ್ದ ಒಬ್ಬರೇ ಒಬ್ಬರು ವಿಲಿಯಂ ಡಗ್ಲಸ್. ಗುಲಾಮರ ಮಾತು ಕಟ್ಟಿಕೊಂಡು ಔಷಧಿ ಮಾಡುತ್ತಾರೆಯೇ ಅಂತ ಅವರು ಗೇಲಿ ಮಾಡಿದರು. ನವೆಂಬರ್‌ನಲ್ಲಿ ಮ್ಯಾದರ್ ಮನೆಯ ಕಿಟಕಿಯಿಂದ ಒಳಗೆ ಬಾಂಬು ಬಿತ್ತು. ಬತ್ತಿ ಕಳಚಿದ್ದರಿಂದ ಸಿಡಿಯಲಿಲ್ಲ. ಆಮೇಲೆ ಲೆಕ್ಕ ಬಂತು. ಸಹಜವಾಗಿ ಸಿಡುಬು ಬಂದವರು 5,889 ಜನ, ಸತ್ತವರು 844. ಅಂದರೆ ನೂರಕ್ಕೆ ಹದಿನಾಲ್ಕು. ಬಾಯ್ಲ್‌ಸ್ಟನ್ ಚುಚ್ಚಿದ ಸುಮಾರು 240 ಜನರಲ್ಲಿ ಸತ್ತವರು ಆರು. ನೂರಕ್ಕೆ ಎರಡೂವರೆ. ಒಂದು ಚಿಕಿತ್ಸೆಯನ್ನು ಹೀಗೆ ಅಂಕಿಯಲ್ಲಿ ಅಳೆದು ನೋಡಿದ ಹಳೆಯ ಉದಾಹರಣೆಗಳಲ್ಲಿ ಇದೂ ಒಂದು. ಜೆನ್ನರ್ ಹಸುವಿನ ಸಿಡುಬಿನಿಂದ ಲಸಿಕೆ ಮಾಡಿದ್ದು ಇದಾಗಿ 75 ವರ್ಷದ ಮೇಲೆ. ಒನೆಸಿಮಸ್ ಅಷ್ಟರಲ್ಲಿ ಮ್ಯಾದರ್ ಮನೆಯಲ್ಲಿ ಇರಲಿಲ್ಲ. ತಮ್ಮ ಬದಲಿಗೆ ಇನ್ನೊಬ್ಬ ಗುಲಾಮನನ್ನು ಕೊಳ್ಳಲು ಹಣ ಕೊಟ್ಟು ಅರ್ಧಂಬರ್ಧ ಬಿಡುಗಡೆ ಪಡೆದಿದ್ದರು. ಕರೆದಾಗ ಬಂದು ಮನೆಗೆಲಸ ಮಾಡಿಕೊಡಬೇಕು ಅನ್ನುವ ಷರತ್ತಿನ ಮೇಲೆ.

"ಪಠ್ಯದಲ್ಲಿ ಯಾಕಿಲ್ಲ" ಅನ್ನುವ ನಿಮ್ಮ ಪ್ರಶ್ನೆಗೆ ಈಗ ಬರುತ್ತೇನೆ. ಜನ ಮರೆತುಬಿಟ್ಟರು ಅನ್ನುವುದು ಪೂರ್ತಿ ಸರಿಯಲ್ಲ. ಎಷ್ಟೋ ಕಡೆ ಹೆಸರು ಬರೆದುಕೊಳ್ಳುವ ಹಾಗೇ ಇರಲಿಲ್ಲ. ಕಾನೂನೇ ಬಿಡುತ್ತಿರಲಿಲ್ಲ.

ಸ್ವತಂತ್ರ ಕಪ್ಪು ಜನರಿಗೆ ಪೇಟೆಂಟ್ ಸಿಕ್ಕಿದ್ದುಂಟು. ನ್ಯೂಯಾರ್ಕಿನ ದರ್ಜಿ ಥಾಮಸ್ ಜೆನಿಂಗ್ಸ್ ಬಟ್ಟೆಯನ್ನು ಒಣದಾಗಿ ಶುಚಿ ಮಾಡುವ ವಿಧಾನಕ್ಕೆ 1821ರ ಮಾರ್ಚ್ 3ರಂದು ಪೇಟೆಂಟ್ ಪಡೆದರು. ಪೇಟೆಂಟ್ ಪಡೆದ ಮೊದಲ ಕಪ್ಪು ಅಮೆರಿಕನ್ ಅಂತ ಗೊತ್ತಿರುವುದು ಅವರೇ. ಇವತ್ತು ನಾವು ಡ್ರೈಕ್ಲೀನಿಂಗ್ ಅನ್ನುವುದರ ಅಜ್ಜ. ವಿಧಾನ ಹೇಗಿತ್ತು ಅಂದರೆ ಹೇಳಲು ಕಾಗದವಿಲ್ಲ. 1836ರ ಡಿಸೆಂಬರ್‌ನಲ್ಲಿ ಪೇಟೆಂಟ್ ಕಚೇರಿಗೆ ಬೆಂಕಿ ಬಿದ್ದು ಸುಮಾರು 10 ಸಾವಿರ ಪೇಟೆಂಟ್‌ಗಳು ಸುಟ್ಟುಹೋದವು. ಅದರಲ್ಲಿ ಇದೂ ಒಂದು. ಅಂದಹಾಗೆ ಇವರ ಮಗಳು ಎಲಿಜಬೆತ್‌ರನ್ನು 1854ರಲ್ಲಿ ಕಪ್ಪು ಬಣ್ಣದವಳು ಅಂತ ಕುದುರೆ ಟ್ರಾಮಿನಿಂದ ಹೊರಗೆ ದೂಡಿದರು. ಮನೆಯವರು ಕೇಸು ಹಾಕಿ ಗೆದ್ದರು. ಅವರ ಪರ ವಾದಿಸಿದ ಎಳೆಯ ವಕೀಲ ಚೆಸ್ಟರ್ ಆರ್ಥರ್ ಮುಂದೆ ಅಮೆರಿಕದ ಅಧ್ಯಕ್ಷರಾದರು.

ಮೇರಿಲ್ಯಾಂಡ್‌ನ ರೈತ ಹೆನ್ರಿ ಬ್ಲೇರ್ 1834ರಲ್ಲಿ ಜೋಳ ಬಿತ್ತುವ ಯಂತ್ರಕ್ಕೆ, 1836ರಲ್ಲಿ ಹತ್ತಿ ಬಿತ್ತುವ ಯಂತ್ರಕ್ಕೆ ಪೇಟೆಂಟ್ ಪಡೆದರು. ಜೋಳ ಅಂದರೆ ನಮ್ಮ ಬಿಳಿಜೋಳ ಅಲ್ಲ, ಮುಸುಕಿನ ಜೋಳ. ನಮ್ಮ ಕೂರಿಗೆ ನೋಡಿದವರಿಗೆ ಆ ಯಂತ್ರ ಹೊಸದೆನಿಸಲಿಕ್ಕಿಲ್ಲ, ಇರಲಿ. ಬ್ಲೇರ್‌ಗೆ ಬರೆಯಲು ಬರುತ್ತಿರಲಿಲ್ಲ. ಸಹಿ ಜಾಗದಲ್ಲಿ ಒಂದು ಗುಣಾಕಾರದ ಗುರುತು ಹಾಕಿದರು. ಕಚೇರಿಯ ಪಟ್ಟಿಯಲ್ಲಿ ಅವರ ಹೆಸರಿನ ಪಕ್ಕ "ಬಣ್ಣದ ಮನುಷ್ಯ" ಅಂತ ಬರೆದಿದ್ದಾರೆ. ಜೆನಿಂಗ್ಸ್ ಹೆಸರಿಗೆ ಹಾಗೇನೂ ಬರೆದಿರಲಿಲ್ಲ. ಅದಕ್ಕೇ ಬಹಳ ಕಾಲ ಬ್ಲೇರ್ ಅವರೇ ಮೊದಲಿಗರು ಅಂತ ಜನ ನಂಬಿದ್ದರು.

ಗುಲಾಮರ ಕತೆ ಬೇರೆ. ಮಿಸಿಸಿಪ್ಪಿಯಲ್ಲಿ ಆಸ್ಕರ್ ಸ್ಟುವರ್ಟ್ ಅನ್ನುವ ಜಮೀನ್ದಾರ ಇದ್ದ. ಅವನ ಹೆಂಡತಿಯ ಕಡೆಯಿಂದ ಬಂದಿದ್ದ ಗುಲಾಮ ನೆಡ್ ಕಮ್ಮಾರಿಕೆ ಬಲ್ಲವರು. ಹತ್ತಿ ಹೊಲದ ಕಳೆ ತೆಗೆಯುವ, ಎಡೆ ಹೊಡೆಯುವ ಒಂದು ಹೊಸ ಸಾಧನ ಮಾಡಿದರು. ಸ್ಟುವರ್ಟ್ 1857ರಲ್ಲಿ ಪೇಟೆಂಟ್ ನನಗೆ ಕೊಡಿ ಅಂತ ಅರ್ಜಿ ಹಾಕಿದ. ಮಾಡಿದ್ದು ನೆಡ್ ಅಂತ ಮುಚ್ಚಿಡಲಿಲ್ಲ. ಗುಲಾಮನ ಕೈಯ ದುಡಿಮೆ ಹೇಗೆ ಒಡೆಯನದ್ದೋ, ತಲೆಯ ದುಡಿಮೆಯೂ ಹಾಗೇ ಒಡೆಯನದ್ದು ಅನ್ನುವುದು ಅವನ ವಾದ.

ಅರ್ಜಿ ಅಟಾರ್ನಿ ಜನರಲ್ ಜೆರೆಮಿಯಾ ಬ್ಲ್ಯಾಕ್ ಮೇಜಿಗೆ ಹೋಯಿತು. ಕಪ್ಪು ಜನರು ಅಮೆರಿಕದ ಪ್ರಜೆಗಳೇ ಅಲ್ಲ ಅಂತ ಸುಪ್ರೀಂ ಕೋರ್ಟ್ ಆಗಷ್ಟೇ ಡ್ರೆಡ್ ಸ್ಕಾಟ್ ಕೇಸಿನಲ್ಲಿ ಹೇಳಿತ್ತು. 1858ರಲ್ಲಿ ಬ್ಲ್ಯಾಕ್ ಕೊಟ್ಟ ಅಭಿಪ್ರಾಯ ಹೀಗೆ: ಗುಲಾಮ ಕಂಡುಹಿಡಿದ ಯಂತ್ರಕ್ಕೆ ಪೇಟೆಂಟ್ ಇಲ್ಲ. ಯಾಕೆ? ಗುಲಾಮ ಪ್ರಜೆ ಅಲ್ಲ, ಅವನಿಗೆ ಕೊಡುವ ಹಾಗಿಲ್ಲ. ಒಡೆಯ ಕಂಡುಹಿಡಿದಿಲ್ಲ, ಅವನಿಗೂ ಕೊಡುವ ಹಾಗಿಲ್ಲ. ಯಂತ್ರ ಕಣ್ಣೆದುರಿಗೇ ಇದೆ, ಹೊಲದಲ್ಲಿ ಓಡಾಡುತ್ತಿದೆ. ಕಾನೂನಿನ ಕಣ್ಣಿಗೆ ಅದನ್ನು ಯಾರೂ ಮಾಡಿಲ್ಲ.

ಸ್ಟುವರ್ಟ್ ಸುಮ್ಮನಿರಲಿಲ್ಲ. ಪೇಟೆಂಟ್ ಇಲ್ಲದೆಯೇ ಆ ಸಾಧನ ಮಾಡಿ ಮಾರತೊಡಗಿದ. ಜಾಹೀರಾತಿನಲ್ಲಿ ಇನ್ನೊಬ್ಬ ಜಮೀನ್ದಾರನ ಪ್ರಶಂಸೆ ಹಾಕಿಸಿದ. ಇದನ್ನು ಕಂಡುಹಿಡಿದದ್ದು ಒಬ್ಬ ಗುಲಾಮ, ಹಾಗಾದರೆ ಗುಲಾಮಗಿರಿ ಬುದ್ಧಿಯನ್ನು ಕುಗ್ಗಿಸುತ್ತದೆ ಅನ್ನುವವರ ಮಾತು ಸುಳ್ಳಾಯಿತಲ್ಲ ಅಂತ! ನೆಡ್‌ಗೆ ಬಿಡಿಗಾಸು ಇಲ್ಲ. ಅವರ ಬುದ್ಧಿ ಮಾತ್ರ ಅವರನ್ನು ಕಟ್ಟಿಹಾಕಿದ ವ್ಯವಸ್ಥೆಗೇ ಸರ್ಟಿಫಿಕೇಟು. ಈ ಜಾಹೀರಾತಿನ ಬಗ್ಗೆ ಮೊದಲ ಸಲ ಓದಿದಾಗ ಪುಸ್ತಕ ಮುಚ್ಚಿಟ್ಟು ಹೊರಗೆ ಓಡಾಡಿಕೊಂಡು ಬಂದೆ.

ಅದೇ ಮಿಸಿಸಿಪ್ಪಿಯಲ್ಲಿ ಬೆಂಜಮಿನ್ ಮಾಂಟ್ಗೊಮರಿ ಆಳವಿಲ್ಲದ ನೀರಿನಲ್ಲಿ ಓಡುವ ಹಬೆದೋಣಿಗೆ ಒಂದು ಪ್ರೊಪೆಲ್ಲರ್ ಮಾಡಿದರು. ಅವರಿಗೂ ಪೇಟೆಂಟ್ ಸಿಗಲಿಲ್ಲ. ಅವರ ಒಡೆಯ ಜೋಸೆಫ್ ಡೇವಿಸ್. ಜೋಸೆಫ್ ತಮ್ಮ ಜೆಫರ್ಸನ್ ಡೇವಿಸ್ 1861ರಲ್ಲಿ ದಕ್ಷಿಣದ ಬಂಡಾಯ ಸರ್ಕಾರದ ಅಧ್ಯಕ್ಷನಾದ. ಆ ಸರ್ಕಾರ ಮಾಡಿದ ಪೇಟೆಂಟ್ ಕಾನೂನಿನಲ್ಲಿ ಗುಲಾಮ ಕಂಡುಹಿಡಿದದ್ದಕ್ಕೆ ಒಡೆಯ ಪೇಟೆಂಟ್ ಪಡೆಯಬಹುದು ಅಂತ ಸೇರಿಸಿದರು. ಅಮೆರಿಕದ ಅಂತರ್ಯುದ್ಧದಲ್ಲಿ ಅವರು ಸೋತರು. ಸೋತ ಮೇಲೆ ಮಾಂಟ್ಗೊಮರಿ ಏನು ಮಾಡಿದರು ಗೊತ್ತಾ? ತಾವು ಗುಲಾಮರಾಗಿ ದುಡಿದ ಅದೇ ಎಸ್ಟೇಟನ್ನು 3 ಲಕ್ಷ ಡಾಲರ್‌ಗೆ ಸಾಲದ ಮೇಲೆ ಕೊಂಡುಕೊಂಡರು.

ಪೇಟೆಂಟ್ ಸಿಗಬಹುದಾಗಿದ್ದರೂ ಅದರ ಗೋಜಿಗೆ ಹೋಗದವರೂ ಇದ್ದರು. ನ್ಯೂ ಬೆಡ್‌ಫರ್ಡ್ ಬಂದರಿನ ಕಮ್ಮಾರ ಲೂಯಿಸ್ ಟೆಂಪಲ್ 1848ರಲ್ಲಿ ತಿಮಿಂಗಿಲ ಬೇಟೆಯ ಈಟಿಗೆ ಹೊಸ ತುದಿ ಮಾಡಿದರು. ಒಳಗೆ ಹೊಕ್ಕ ಮೇಲೆ ಅದು ಅಡ್ಡಕ್ಕೆ ತಿರುಗಿ ಕಚ್ಚಿಕೊಳ್ಳುತ್ತಿತ್ತು. ಪೇಟೆಂಟ್ ಮಾಡಿಸಲಿಲ್ಲ. ಊರಿನ ಕಮ್ಮಾರರೆಲ್ಲ ಅದನ್ನೇ ಮಾಡಿ ಮಾರಿದರು. ಟೆಂಪಲ್ 1854ರಲ್ಲಿ ತೀರಿಕೊಂಡಾಗ ಕೈಯಲ್ಲಿ ಹೆಚ್ಚೇನೂ ಇರಲಿಲ್ಲ.

ಇನ್ನೊಬ್ಬರ ಬಗ್ಗೆ ಸ್ವಲ್ಪ ಜಾಸ್ತಿ ಬರೆಯುತ್ತೇನೆ. ಅವರ ಕೆಲಸ ನಮ್ಮ ಮಂಡ್ಯಕ್ಕೂ ಬಂದಿದೆ.

ನೀವು ಆಲೆಮನೆ ನೋಡಿದ್ದೀರಲ್ಲ? ನಾನು ಚಿಕ್ಕವನಿದ್ದಾಗ ಅಜ್ಜನ ಊರಿನ ಆಲೆಮನೆಯಲ್ಲಿ ಕೂತು ಗಂಟೆಗಟ್ಟಲೆ ನೋಡುತ್ತಿದ್ದೆ. ದೊಡ್ಡ ಕೊಪ್ಪರಿಗೆ. ಕೆಳಗೆ ಒಣಗಿದ ಕಬ್ಬಿನ ಸಿಪ್ಪೆಯ ಬೆಂಕಿ. ಕಬ್ಬಿನ ಹಾಲು ಕುದಿದು ಕುದಿದು ಗಟ್ಟಿಯಾಗಬೇಕು. ಹಬೆ ಎಲ್ಲ ಸೂರಿನ ಸಂದಿಯಿಂದ ಆಕಾಶಕ್ಕೆ. ಹತ್ತಿರ ಹೋದರೆ ಅಜ್ಜ ಗದರುತ್ತಿದ್ದರು. ಕುದಿಯುವ ಪಾಕ ಮೈಮೇಲೆ ಬಿದ್ದರೆ ಚರ್ಮ ಬಿಡಿಸಿಕೊಂಡೇ ಬರುತ್ತದೆ.

ಲೂಯಿಸಿಯಾನದ ಸಕ್ಕರೆ ತೋಟಗಳಲ್ಲೂ ಹೀಗೇ. ಸಾಲಾಗಿ ನಾಲ್ಕೈದು ತೆರೆದ ಕೊಪ್ಪರಿಗೆ. ಗುಲಾಮರು ಉದ್ದ ಹಿಡಿಯ ಸೌಟಿನಲ್ಲಿ ಕುದಿಯುವ ರಸವನ್ನು ಒಂದರಿಂದ ಇನ್ನೊಂದಕ್ಕೆ ಎತ್ತಿ ಸುರಿಯಬೇಕು. ಸುಗ್ಗಿಯಲ್ಲಿ ಹಗಲೂ ರಾತ್ರಿ. ಸೌದೆ ರಾಶಿ ರಾಶಿ ಬೇಕು. ಸುಟ್ಟುಕೊಂಡವರಿಗೆ ಲೆಕ್ಕವಿಲ್ಲ. ಕಡೆಗೆ ಸಿಗುವ ಸಕ್ಕರೆಯೂ ಕಂದು, ಸೀದ ವಾಸನೆ.

ನಾರ್ಬರ್ಟ್ ರಿಲ್ಯೂ 1806ರಲ್ಲಿ ನ್ಯೂ ಆರ್ಲಿಯನ್ಸ್‌ನಲ್ಲಿ ಹುಟ್ಟಿದರು. ಅಪ್ಪ ಬಿಳಿಯ ತೋಟದ ಮಾಲೀಕ, ಅಮ್ಮ ಸ್ವತಂತ್ರ ಕಪ್ಪು ಮನೆತನದವರು. ಕಾನೂನು ಅವರ ಮದುವೆಗೆ ಒಪ್ಪುತ್ತಿರಲಿಲ್ಲ. ಅಪ್ಪ ಮಗನನ್ನು ಪ್ಯಾರಿಸ್‌ಗೆ ಓದಲು ಕಳಿಸಿದರು. ಅಲ್ಲಿನ ಎಕೋಲ್ ಸೆಂಟ್ರಾಲ್ ಎಂಜಿನಿಯರಿಂಗ್ ಕಾಲೇಜಿನಲ್ಲಿ ನಾರ್ಬರ್ಟ್ ಓದಿ, ಅಲ್ಲೇ ಪಾಠವನ್ನೂ ಮಾಡಿದರು. ಚಿತ್ರಕಾರ ಎಡ್ಗರ್ ಡೆಗಾ ಇವರ ಸಂಬಂಧಿ, ಡೆಗಾರ ತಾಯಿಯ ಕಡೆಯಿಂದ.

ರಿಲ್ಯೂ ಹಿಡಿದದ್ದು ಎರಡು ಎಳೆ. ಒಂದು, ಹಬೆಯಲ್ಲಿ ಎಷ್ಟೊಂದು ಶಾಖ ಇದೆ, ಅದನ್ನು ಸೂರಿನಿಂದ ಹೊರಗೆ ಬಿಡುತ್ತಿದ್ದೇವಲ್ಲ. ಎರಡು, ಗಾಳಿಯ ಒತ್ತಡ ಕಡಿಮೆಯಾದರೆ ನೀರು ಕಡಿಮೆ ಶಾಖದಲ್ಲೇ ಕುದಿಯುತ್ತದೆ. ಮನೆಯ ಪ್ರೆಶರ್ ಕುಕ್ಕರಿನ ತಿರುವುಮುರುವು ಅಂದುಕೊಳ್ಳಿ. ಈಗ ಮುಚ್ಚಿದ ಮೂರು ಪಾತ್ರೆಗಳು. ಮೊದಲನೆಯದಕ್ಕೆ ಹೊರಗಿನಿಂದ ಹಬೆ ಕೊಟ್ಟು ರಸ ಕುದಿಸಿ. ಆ ರಸದಿಂದ ಎದ್ದ ಹಬೆಯನ್ನು ಬಿಡಬೇಡಿ, ಕೊಳವೆಯಲ್ಲಿ ಎರಡನೆಯ ಪಾತ್ರೆಗೆ ಒಯ್ಯಿರಿ. ಅಲ್ಲಿ ಒತ್ತಡ ಕಡಿಮೆ, ಹಾಗಾಗಿ ಅದೇ ಹಬೆಯ ಶಾಖಕ್ಕೆ ರಸ ಕುದಿಯುತ್ತದೆ. ಅಲ್ಲಿಂದ ಎದ್ದ ಹಬೆ ಮೂರನೆಯದಕ್ಕೆ. ಒಂದು ಕಿಲೋ ಹಬೆಯಿಂದ ಒಂದು ಕಿಲೋ ನೀರು ಹೋಗುತ್ತಿದ್ದ ಕಡೆ ಈಗ ಹತ್ತಿರ ಹತ್ತಿರ ಮೂರು ಕಿಲೋ ಹೋಗುತ್ತದೆ. ಸೌದೆ ಉಳಿಯಿತು. ಸಕ್ಕರೆ ಸೀಯಲಿಲ್ಲ. ಸೌಟು ಹಿಡಿದು ಬೆಂಕಿಯ ಮುಂದೆ ನಿಲ್ಲುವ ಕೆಲಸವೂ ಹೋಯಿತು.

ಮೊದಲ ಪ್ರಯತ್ನ ಕೈಕೊಟ್ಟಿತು. 1843ರಲ್ಲಿ ಮತ್ತು 1846ರಲ್ಲಿ ಪೇಟೆಂಟ್ ಸಿಕ್ಕಿತು. ಸ್ವತಂತ್ರರಾಗಿ ಹುಟ್ಟಿದ್ದರಿಂದ ಸಿಕ್ಕಿತು ಅನ್ನುವುದನ್ನು ಮರೆಯಬೇಡಿ. ಇದೇ ಯಂತ್ರವನ್ನು ಆ ತೋಟದ ಗುಲಾಮರೊಬ್ಬರು ಮಾಡಿದ್ದರೆ ಅದು ನೆಡ್‌ನ ಸಾಧನದ ಹಾಗೆ ಹೆಸರಿಲ್ಲದ್ದು. ಇಲ್ಲೊಂದು ಮುಜುಗರದ ವಿಷಯವೂ ಇದೆ. ಈ ಯಂತ್ರ ಕೊಂಡವರೆಲ್ಲ ಗುಲಾಮರನ್ನು ಇಟ್ಟುಕೊಂಡಿದ್ದ ತೋಟದ ಮಾಲೀಕರೇ. ಸಕ್ಕರೆಯಲ್ಲಿ ಲಾಭ ಹೆಚ್ಚಿದಷ್ಟೂ ಅವರ ಕೈ ಬಲವಾಯಿತು. ರಿಲ್ಯೂ ಕತೆ ಹೇಳುವಾಗ ಇದನ್ನು ಬಿಟ್ಟು ಹೇಳುವುದು ನನಗೆ ಸರಿ ಕಾಣುವುದಿಲ್ಲ. ಕಪ್ಪು ಜನರ ಮೇಲೆ ನಿರ್ಬಂಧಗಳು ಬಿಗಿಯಾಗುತ್ತಾ ಹೋದವು. ರಿಲ್ಯೂ ಫ್ರಾನ್ಸಿಗೆ ಹೋದರು. 1894ರಲ್ಲಿ ಪ್ಯಾರಿಸ್ಸಿನಲ್ಲೇ ತೀರಿಕೊಂಡರು.

1933ರಲ್ಲಿ ಶುರುವಾದ ಮಂಡ್ಯದ ಮೈಸೂರು ಸಕ್ಕರೆ ಕಂಪನಿಯಿರಲಿ, ಬೆಳಗಾವಿ ಬಾಗಲಕೋಟೆಯ ಕಾರ್ಖಾನೆಗಳಿರಲಿ, ಒಳಗೆ ಹೋದರೆ ಸಾಲಾಗಿ ನಿಂತ ಎತ್ತರದ ಎವಾಪೊರೇಟರ್ ಪಾತ್ರೆಗಳು ಕಾಣುತ್ತವೆ. ತತ್ವ ಅದೇ. ಹಾಲಿನ ಪುಡಿ ಮಾಡುವ ಡೈರಿಗಳಲ್ಲೂ ಅದೇ. ನಿಮ್ಮ ಶಾಲೆ ಸಕ್ಕರೆ ಕಾರ್ಖಾನೆಯ ಹತ್ತಿರ ಇದ್ದರೆ ಮಕ್ಕಳನ್ನು ಒಂದು ಸಲ ಆಲೆಮನೆಗೆ, ಒಂದು ಸಲ ಕಾರ್ಖಾನೆಗೆ ಕರೆದುಕೊಂಡು ಹೋಗಿ. ಪಾಠ ಅರ್ಧ ಅಲ್ಲೇ ಆಗುತ್ತದೆ.

ಅಂಕಿಅಂಶ ಇಷ್ಟಪಡುವ ಮಕ್ಕಳಿದ್ದರೆ ಜೇಮ್ಸ್ ಮೆಕ್‌ಕ್ಯೂನ್ ಸ್ಮಿತ್ ಬಗ್ಗೆ ಹೇಳಿ. 1813ರಲ್ಲಿ ನ್ಯೂಯಾರ್ಕಿನಲ್ಲಿ ಗುಲಾಮರಾಗಿ ಹುಟ್ಟಿದವರು. ಅಮೆರಿಕದ ಕಾಲೇಜುಗಳು ಸೇರಿಸಿಕೊಳ್ಳಲಿಲ್ಲ. ಸ್ಕಾಟ್ಲೆಂಡಿನ ಗ್ಲಾಸ್ಗೋಗೆ ಹೋಗಿ 1837ರಲ್ಲಿ ವೈದ್ಯರಾಗಿ ಬಂದರು. 1840ರ ಜನಗಣತಿ ಒಂದು ವಿಚಿತ್ರ ಲೆಕ್ಕ ಕೊಟ್ಟಿತ್ತು. ಸ್ವತಂತ್ರ ಕಪ್ಪು ಜನರಲ್ಲಿ ಹುಚ್ಚು ಹೆಚ್ಚು, ಗುಲಾಮರಲ್ಲಿ ಕಡಿಮೆ ಅಂತ. ಗುಲಾಮಗಿರಿಯ ಪರ ಇದ್ದವರಿಗೆ ಹಬ್ಬ. ಸ್ಮಿತ್ ಊರೂರಿನ ಪಟ್ಟಿ ತೆಗೆದು ನೋಡಿದರು. ಕೆಲವು ಊರುಗಳಲ್ಲಿ ಕಪ್ಪು ಜನರೇ ಇಲ್ಲ, ಕಪ್ಪು ಹುಚ್ಚರು ಮಾತ್ರ ಇದ್ದಾರೆ! ವೂಸ್ಟರ್ ಅನ್ನುವ ಊರಿನ ಆಸ್ಪತ್ರೆಯಲ್ಲಿದ್ದ 133 ಬಿಳಿಯ ರೋಗಿಗಳನ್ನು ಕಪ್ಪು ಜನರ ಕಾಲಂನಲ್ಲಿ ಬರೆದಿದ್ದರು. ಬಿಳಿಯ ವೈದ್ಯ ಎಡ್ವರ್ಡ್ ಜಾರ್ವಿಸ್ ಕೂಡ ಇದನ್ನೇ ತೋರಿಸಿದರು. ಆದರೂ ಸರ್ಕಾರ ಜನಗಣತಿಯನ್ನು ತಿದ್ದಲಿಲ್ಲ.

ಇಷ್ಟೆಲ್ಲ ಒಂದೇ ಪೀರಿಯಡ್‌ನಲ್ಲಿ ಆಗುವುದಿಲ್ಲ ಅಂತ ನನಗೂ ಗೊತ್ತು. ಒಂದೇ ಒಂದು ಮಾಡುವುದಾದರೆ ಇದನ್ನು ಮಾಡಿ. ವರ್ಜೀನಿಯಾದಲ್ಲಿ ಥಾಮಸ್ ಫುಲ್ಲರ್ ಅಂತ ಒಬ್ಬ ಮುದುಕರಿದ್ದರು. ಹದಿನಾಲ್ಕನೇ ವಯಸ್ಸಿನಲ್ಲಿ, 1724ರಲ್ಲಿ, ಆಫ್ರಿಕಾದಿಂದ ಹಿಡಿದು ತಂದು ಗುಲಾಮರನ್ನಾಗಿ ಮಾಡಿದ್ದರು. ಓದು ಬರಹ ಬರುತ್ತಿರಲಿಲ್ಲ. ಜೀವನಪೂರ್ತಿ ಹೊಲದ ಕೆಲಸ. ಅವರಿಗೆ ಎಪ್ಪತ್ತು ದಾಟಿದಾಗ ಫಿಲಡೆಲ್ಫಿಯಾ ಕಡೆಯ ಇಬ್ಬರು ಪರೀಕ್ಷೆ ಮಾಡಲು ಬಂದರು. ಒಂದೂವರೆ ವರ್ಷಕ್ಕೆ ಎಷ್ಟು ಸೆಕೆಂಡ್? ಎರಡು ನಿಮಿಷದಲ್ಲಿ ಹೇಳಿದರು, 4,73,04,000. ಎಪ್ಪತ್ತು ವರ್ಷ, 17 ದಿನ, 12 ಗಂಟೆ ಬದುಕಿದವನು ಎಷ್ಟು ಸೆಕೆಂಡ್ ಬದುಕಿದ್ದಾನೆ? ಒಂದೂವರೆ ನಿಮಿಷದಲ್ಲಿ ಹೇಳಿದರು, 2,21,05,00,800. ಕಾಗದ ಪೆನ್ನು ಹಿಡಿದು ಲೆಕ್ಕ ಹಾಕುತ್ತಿದ್ದವರು, ತಪ್ಪು, ಅಷ್ಟೊಂದು ಬರುವುದಿಲ್ಲ ಅಂದರು. ಫುಲ್ಲರ್ ಥಟ್ಟನೆ ಅಂದರು, ಸ್ವಾಮಿ, ನೀವು ಲೀಪ್ ವರ್ಷ ಮರೆತಿರಿ. ಅವರು ಮತ್ತೆ ಕೂಡಿದರು. ಮುದುಕರದ್ದೇ ಸರಿ. ವೈದ್ಯ ಬೆಂಜಮಿನ್ ರಷ್ ಇದನ್ನು ಬರೆದು ಕಳಿಸಿದ್ದರಿಂದ ನಮಗೆ ಗೊತ್ತಾಯಿತು.

ಎರಡನೆಯ ಲೆಕ್ಕವನ್ನು ಬೋರ್ಡಿನ ಮೇಲೆ ಬರೆದು ಮಕ್ಕಳಿಗೆ ಕೊಡಿ. ಹತ್ತು ನಿಮಿಷ, ಕ್ಯಾಲ್ಕುಲೇಟರ್ ಇಲ್ಲದೆ. ಎಪ್ಪತ್ತು ವರ್ಷದಲ್ಲಿ 17 ಲೀಪ್ ದಿನ ಸೇರಿಸಬೇಕು, ಅದನ್ನು ಮೊದಲೇ ಹೇಳಬೇಡಿ. ಯಾರ ಹೆಸರೂ ಹೇಳದೆ ಲೆಕ್ಕ ಮುಗಿಸಿ, ಆಮೇಲೆ ಕತೆ ಹೇಳಿ. ಎಷ್ಟು ಜನ ಲೀಪ್ ವರ್ಷ ಸೇರಿಸಿದರು ಅಂತ ನನಗೂ ಬರೆದು ತಿಳಿಸಿ. ನನಗೆ ಮೊದಲ ಸಲ ಮರೆತುಹೋಗಿತ್ತು.